ಮಿಸ್ಕಿಟೋ ಊರುಗಳಲ್ಲಿ ಮಿಷನ್ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳ್ಳಿಯ ನೀರು, ಶೌಚಾಲಯ, ಆರೋಗ್ಯದ ಕೆಲಸ ಮಾಡುವವರು, ಸಮಾಜಕಾರ್ಯ ಓದುವ ಹುಡುಗ ಹುಡುಗಿಯರು, ಚರ್ಚಿನ ಯುವಕ ಸಂಘದವರು ಆಗಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ. ಯಾಕೆಂದರೆ ಹೇಳಬೇಕಾದ್ದು ಅಲ್ಲಿ ಜಾಸ್ತಿ ಇದೆ.

ಮಿಸ್ಕಿಟೋ ಜನ ಯಾರು? ಎಲ್ಲಿದ್ದಾರೆ?

ಮಧ್ಯ ಅಮೆರಿಕದ ಕೆರಿಬಿಯನ್ ಕಡಲ ದಂಡೆಯ ಮೂಲನಿವಾಸಿಗಳು. ನಿಕರಾಗುವಾದ ಈಶಾನ್ಯ ಭಾಗ, ಹೊಂಡುರಾಸಿನ ಪೂರ್ವ ತುದಿ, ಎರಡೂ ಸೇರಿ ಅವರ ನಾಡು. ಅದಕ್ಕೆ ಮೊಸ್ಕಿಟಿಯಾ ಅಂತ ಹೆಸರು. 2005ರ ನಿಕರಾಗುವಾ ಜನಗಣತಿಯಲ್ಲಿ ಅವರ ಸಂಖ್ಯೆ ಸುಮಾರು 1,20,000. 2013ರ ಹೊಂಡುರಾಸ್ ಜನಗಣತಿಯಲ್ಲಿ ಸುಮಾರು 80,000.

ಆ ನಾಡಿನ ಬೆನ್ನೆಲುಬು ವಾಂಗ್ಕಿ ನದಿ. ಸ್ಪ್ಯಾನಿಷ್‌ನಲ್ಲಿ ರಿಯೋ ಕೊಕೊ. ಮಧ್ಯ ಅಮೆರಿಕದ ಅತಿ ಉದ್ದದ ನದಿ ಇದೇ. ಇವತ್ತು ಅದು ಎರಡು ದೇಶಗಳ ಗಡಿ. 1960ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಆ ಗಡಿಯನ್ನು ಗಟ್ಟಿ ಮಾಡಿತು. ತೀರ್ಪು ಬಂದ ದಿನ ನದಿಯ ಈ ದಂಡೆಯಲ್ಲಿ ಮನೆ, ಆ ದಂಡೆಯಲ್ಲಿ ಗದ್ದೆ ಇಟ್ಟುಕೊಂಡಿದ್ದ ಕುಟುಂಬಗಳ ಗತಿ ಏನಾಗಿರಬೇಕು, ಯೋಚಿಸಿ. ನಮ್ಮಲ್ಲಿ ಹೊಳೆ ದಾಟಿ ಹೊಲಕ್ಕೆ ಹೋಗುವವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಈ ಹೆಸರು ಸೊಳ್ಳೆಯಿಂದ ಬಂದದ್ದಾ?

ಅಲ್ಲ. ಜನರ ಹೆಸರಿನಿಂದ ಆ ತೀರಕ್ಕೆ ಹೆಸರು ಬಂತು. ಹುಳದಿಂದ ಅಲ್ಲ.

ಯಾವ ಮಿಷನ್‌ಗಳು ಅಲ್ಲಿ ಕೆಲಸ ಮಾಡಿದವು?

ಮುಖ್ಯವಾಗಿ ಮೊರಾವಿಯನ್ ಚರ್ಚ್. ಅದರ ಬೇರು ಈಗಿನ ಚೆಕ್ ದೇಶದಲ್ಲಿದೆ. ಅಲ್ಲಿಂದ ಓಡಿ ಬಂದವರು ಜರ್ಮನಿಯ ಹರ್ನ್‌ಹುಟ್ ಎಂಬ ಊರಿನಲ್ಲಿ ನೆಲೆ ನಿಂತು, ಮಿಷನರಿಗಳನ್ನು ಲೋಕದ ಮೂಲೆ ಮೂಲೆಗೆ ಕಳಿಸಿದರು. 1849ರಲ್ಲಿ ಮೊದಲ ತಂಡ ಬ್ಲೂಫೀಲ್ಡ್ಸ್ ಬಂದರಿಗೆ ಬಂತು. ಆಗ ಅದು ಮಿಸ್ಕಿಟೋ ರಾಜನ ನಾಡು, ಬ್ರಿಟಿಷರ ರಕ್ಷಣೆಯಲ್ಲಿತ್ತು. 1881ರಲ್ಲಿ ಊರೂರೇ ಚರ್ಚಿಗೆ ಸೇರುವ ದೊಡ್ಡ ಅಲೆ ಎದ್ದಿತು. 1894ರಲ್ಲಿ ನಿಕರಾಗುವಾ ಸೈನ್ಯ ಬಂದು ಆ ನಾಡನ್ನು ದೇಶಕ್ಕೆ ಸೇರಿಸಿಕೊಂಡಿತು. ರಾಜ ಹೋದ, ಚರ್ಚ್ ಉಳಿಯಿತು. ಹೊಂಡುರಾಸ್ ಕಡೆಗೆ ಮೊರಾವಿಯನ್ನರು ಹೋದದ್ದು 1930ರಲ್ಲಿ.

ಕ್ಯಾಥೊಲಿಕರಲ್ಲಿ ಅಮೆರಿಕದ ಕಪುಚಿನ್ ಪಂಗಡದ ಪಾದ್ರಿಗಳು 1939ರ ಹೊತ್ತಿಗೆ ಬಂದರು. ವಾಂಗ್ಕಿ ದಂಡೆಯ ವಾಸ್ಪಾಮ್ ಪೇಟೆ ಅವರ ಒಂದು ಕೇಂದ್ರವಾಯಿತು. ಹಿಂದೆಯೇ ಕನ್ಯಾಸ್ತ್ರೀಯರು ಬಂದರು. ಅಡ್ವೆಂಟಿಸ್ಟರು, ಬ್ಯಾಪ್ಟಿಸ್ಟರು ಕೂಡ ಇದ್ದಾರೆ.

ಮಂಗಳೂರು, ಧಾರವಾಡದ ಕಡೆಯವರಿಗೆ ಇದು ತೀರಾ ಅಪರಿಚಿತ ಕಥೆ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರೂ ಜರ್ಮನ್ ಮಾತಾಡುವ ಭಕ್ತಿಪಂಥದವರೇ. ಅವರು ಹಂಚಿನ ಕಾರ್ಖಾನೆ, ನೇಯ್ಗೆ, ಅಚ್ಚುಕೂಟ ಕಟ್ಟಿದರು. ಕಿಟೆಲ್ ನಿಘಂಟು ಹೊರಬಂದದ್ದು 1894ರಲ್ಲಿ. ಮೊಸ್ಕಿಟಿಯಾದಲ್ಲೂ ಮೊದಲ ವ್ಯಾಕರಣ, ಶಬ್ದಕೋಶಗಳ ಹಿಂದೆ ಇದ್ದದ್ದು ಮಿಷನರಿಗಳ ಕೈ. ಆದರೆ ಅಲ್ಲಿ ಹಂಚಿನ ಕಾರ್ಖಾನೆಯಂಥದ್ದು ಏಳಲಿಲ್ಲ. ಬಾಳೆ, ಮರ, ರಬ್ಬರ್ ಕಂಪನಿಗಳು ಬಂದವು, ದುಡಿಸಿಕೊಂಡವು, ಹೋದವು. ಅದಾದ ಮೇಲೆ ಊರಲ್ಲಿ ಉಳಿದದ್ದು ಚರ್ಚು, ಅದರ ಪಕ್ಕದ ಶಾಲೆ, ಒಂದು ಔಷಧಿಯ ಕಪಾಟು.

ಇದೆಲ್ಲ ಸರ್ಕಾರದ ಕೆಲಸ ಅಲ್ವಾ?

ಹೌದು, ಸರ್ಕಾರದ ಕೆಲಸವೇ. ಆದರೆ ನಿಕರಾಗುವಾದ ರಾಜಧಾನಿ ಮನಾಗುವಾದಿಂದ ಕಡಲ ತೀರದ ಬಿಲ್ವಿ ಪಟ್ಟಣಕ್ಕೆ ಸುಮಾರು 550 ಕಿಲೋಮೀಟರ್. ಮಳೆಗಾಲದಲ್ಲಿ ಬಸ್ಸಿಗೆ ಒಂದು ಇಡೀ ದಿನ ಹಿಡಿಯುತ್ತಿದ್ದ ದಾರಿ ಅದು. ಹೊಂಡುರಾಸಿನ ಮೊಸ್ಕಿಟಿಯಾಕ್ಕಂತೂ ದೇಶದ ಉಳಿದ ಭಾಗದಿಂದ ರಸ್ತೆಯೇ ಇಲ್ಲ. ಅಲ್ಲಿನ ಮುಖ್ಯ ಪಟ್ಟಣ ಪುಯೆರ್ಟೊ ಲೆಂಪಿರಾಕ್ಕೆ ವಿಮಾನ, ಇಲ್ಲವೇ ದೋಣಿ. ಸ್ಪ್ಯಾನಿಷ್ ಮಾತಾಡುವ ರಾಜಧಾನಿಗೆ ಈ ಜನ ತುಂಬ ಕಾಲ ಕಣ್ಣಿಗೇ ಬೀಳಲಿಲ್ಲ. ಆ ಜಾಗದಲ್ಲಿ ಮಿಷನ್ ನಿಂತಿತು. ಒಳ್ಳೆಯ ವ್ಯವಸ್ಥೆ ಅಂತ ಹೇಳುತ್ತಿಲ್ಲ. ಆದದ್ದು ಹಾಗೆ.

ಊರಿಂದ ಊರಿಗೆ ಹೋಗುವುದು ಹೇಗೆ?

ನೀರಿನ ಮೇಲೆ. ದೊಡ್ಡ ಮರದ ದಿಮ್ಮಿ ತೋಡಿ ಮಾಡಿದ ಉದ್ದನೆ ದೋಣಿಗೆ ಪಿಪಾಂಟೆ ಅನ್ನುತ್ತಾರೆ. ತಳ ಚಪ್ಪಟೆ. ಒಬ್ಬ ಹಿಂದೆ, ಒಬ್ಬ ಮುಂದೆ ನಿಂತು ಗಳ ಊರಿ ತಳ್ಳುತ್ತಾರೆ. ಕಡಲಿಗೆ, ಕಡಲಂಚಿನ ಹಿನ್ನೀರಿಗೆ ಹೋಗುವುದು ಡೋರಿ. ಮೋಟಾರು ಕಟ್ಟಿದ ಫೈಬರ್ ದೋಣಿ ಪಾಂಗಾ. ವಾಸ್ಪಾಮ್‌ನಿಂದ ನದಿಯ ಮೇಲಕ್ಕೆ, ಕೊನೆಯ ಊರುಗಳವರೆಗೆ ಮೋಟಾರು ದೋಣಿಯಲ್ಲೂ ಒಂದೆರಡು ದಿನ ಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ಬಂಡೆಗಳ ನಡುವೆ ಇಳಿದು ದೋಣಿ ಎಳೆಯಬೇಕು.

ಹೊರಗಿನವರ ಬಜೆಟ್ ತಪ್ಪುವುದು ಇಲ್ಲೇ. ಸಿಮೆಂಟಿನ ಬೆಲೆ ಬರೆದಿರುತ್ತಾರೆ, ಸಿಮೆಂಟು ಸಾಗಿಸುವ ಪೆಟ್ರೋಲಿನ ಬೆಲೆ ಬರೆದಿರುವುದಿಲ್ಲ. ದೋಣಿಯಲ್ಲಿ ಒಂದು ಮಳೆ ಹೊಡೆದರೆ ಚೀಲ ಕಲ್ಲಾಗುತ್ತದೆ. ಆ ಕಡೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ.

ಅಷ್ಟು ಮಳೆ, ಅಷ್ಟು ದೊಡ್ಡ ನದಿ. ಮತ್ತೆ ಕುಡಿಯುವ ನೀರಿಗೆ ಏನು ಕಷ್ಟ?

ಮಲೆನಾಡಿನವರೂ ಇದನ್ನೇ ಕೇಳುತ್ತಾರೆ. ಮಲೆನಾಡಿನವರೇ ಉತ್ತರವನ್ನೂ ಬಲ್ಲರು. ನೀರು ಇದೆ, ಕುಡಿಯುವ ನೀರು ಇಲ್ಲ. ನದಿಯಲ್ಲೇ ಬಟ್ಟೆ, ಸ್ನಾನ, ದನ, ದೋಣಿ ಎಲ್ಲ. ಪ್ರವಾಹ ಬಂದಾಗ ಶೌಚದ ಗುಂಡಿ ತುಂಬಿ ಬಾವಿಗೆ ಇಳಿಯುತ್ತದೆ. ಕಡಲ ಪಕ್ಕದ ಊರುಗಳಲ್ಲಿ ಬಾವಿ ತೋಡಿದರೆ ಉಪ್ಪು. ಚಿಕ್ಕ ಮಕ್ಕಳಿಗೆ ಭೇದಿ ಹತ್ತಿದರೆ, ಆಸ್ಪತ್ರೆ ಒಂದು ದಿನದ ದೋಣಿ ದಾರಿ.

ಅದಕ್ಕೇ ಮಿಷನ್‌ಗಳು ಕೈ ಹಾಕಿದ ಕೆಲಸಗಳಲ್ಲಿ ನನಗೆ ಜಾಸ್ತಿ ಬೆಲೆಯದ್ದು ಅನ್ನಿಸುವುದು ಬಾವಿ. ಮೇಲ್ಮಟ್ಟದಲ್ಲೇ ನೀರು ಸಿಗುವ ಕಡೆ ಕೈಯಲ್ಲೇ ತೋಡುತ್ತಾರೆ. ಒಳಗೆ ಕಾಂಕ್ರೀಟ್ ರಿಂಗು ಇಳಿಸುತ್ತಾರೆ. ಕಟ್ಟೆಯನ್ನು ಪ್ರವಾಹದ ಗುರುತಿಗಿಂತ ಎತ್ತರಕ್ಕೆ ಏರಿಸಿ, ಮುಚ್ಚಿ, ಮೇಲೆ ಹಗ್ಗದ ಪಂಪು ಕೂರಿಸುತ್ತಾರೆ.

ಈ ಹಗ್ಗದ ಪಂಪನ್ನು ಸ್ವಲ್ಪ ಹತ್ತಿರದಿಂದ ನೋಡಿ. ಈಗಿನ ರೂಪಕ್ಕೆ ಅದು ಬಂದದ್ದು ನಿಕರಾಗುವಾದಲ್ಲೇ, 1980ರ ದಶಕದಲ್ಲಿ. ಬಾವಿಗೆ ಒಂದು ಪಿವಿಸಿ ಪೈಪು ಇಳಿಬಿಟ್ಟಿರುತ್ತದೆ. ಪೈಪಿನೊಳಗಿಂದ ಮೇಲೆ ಬಂದು, ಚಕ್ರದ ಮೇಲೆ ಸುತ್ತಿ, ಹೊರಗಿಂದ ಮತ್ತೆ ಕೆಳಗಿಳಿಯುವ ಒಂದು ನೈಲಾನ್ ಹಗ್ಗ. ಹಗ್ಗದ ಉದ್ದಕ್ಕೂ ಮಾರುದ್ದಕ್ಕಿಂತ ಕಡಿಮೆ ಅಂತರದಲ್ಲಿ ಗಂಟು, ಗಂಟಿಗೊಂದು ಪ್ಲಾಸ್ಟಿಕ್ಕಿನ ಬಿಲ್ಲೆ. ಬಿಲ್ಲೆ ಪೈಪಿಗೆ ಸರಿಯಾಗಿ ಕೂರುವಷ್ಟೇ ಅಗಲ. ಚಕ್ರ ಅಂದರೆ ಹಳೆಯ ಟೈರಿನ ಅಂಚು ಕೊಯ್ದು ಮಾಡಿದ್ದು. ಹಿಡಿ ತಿರುಗಿಸಿದರೆ ಬಿಲ್ಲೆಗಳು ಒಂದರ ಹಿಂದೊಂದು ನೀರನ್ನು ತಳ್ಳಿಕೊಂಡು ಮೇಲೆ ಬರುತ್ತವೆ. ಹತ್ತು ವರ್ಷದ ಹುಡುಗಿ ಕೂಡ ತಿರುಗಿಸಿ ಕೊಡ ತುಂಬಿಸಬಹುದು. ಹಗ್ಗ ಸವೆದು ಕಡಿದರೆ? ಅಂಗಡಿಯಿಂದ ಹಗ್ಗ ತಂದು ಗಂಟು ಹಾಕಬೇಕು. ಅಷ್ಟೇ.

ನಮ್ಮ ಊರಿನ ಬೋರ್‌ವೆಲ್ ಕೈಪಂಪು ನೆನಪಿದೆಯಾ? ಒಂದು ವಾಷರ್ ಸವೆದದ್ದಕ್ಕೆ ತಿಂಗಳುಗಟ್ಟಲೆ ತುಕ್ಕು ಹಿಡಿದು ನಿಂತ ಪಂಪುಗಳನ್ನು ನಾವೆಲ್ಲ ನೋಡಿದ್ದೇವೆ. ಮೆಕ್ಯಾನಿಕ್ ತಾಲ್ಲೂಕಿನಿಂದ ಬರಬೇಕು. ಮೊಸ್ಕಿಟಿಯಾದಲ್ಲಿ ಅವನು ದೋಣಿಯಲ್ಲಿ ಬರಬೇಕು, ಬರುವುದಿಲ್ಲ. ಹೊರಗಿಂದ ಬಂದ ಯಾವ ವಸ್ತುವನ್ನೇ ಆಗಲಿ ನಾನು ಇದೊಂದು ಪ್ರಶ್ನೆಯಿಂದ ಅಳೆಯುತ್ತೇನೆ: ಕೊಟ್ಟವರ ದೋಣಿ ವಾಪಸ್ ಹೋದ ಮೇಲೆ ಇದನ್ನು ಊರಿನವರೇ ರಿಪೇರಿ ಮಾಡಿಕೊಳ್ಳಬಹುದಾ? ಆಗುವುದಿಲ್ಲ ಅಂತಾದರೆ, ಎಷ್ಟೇ ಚೆಂದ ಇದ್ದರೂ, ತರಬೇಡಿ.

ಉಪ್ಪು ನೀರಿನ ಊರುಗಳಲ್ಲಿ ಬಾವಿಗಿಂತ ಮಳೆನೀರು ಮೇಲು. ಊರಲ್ಲಿ ದೊಡ್ಡ ತಗಡಿನ ಮಾಡು ಹೆಚ್ಚಾಗಿ ಚರ್ಚಿನದ್ದು ಅಥವಾ ಶಾಲೆಯದ್ದು. ಅದರ ಅಂಚಿಗೆ ದೋಣಿಕೊಳವೆ ಕಟ್ಟಿ ಟ್ಯಾಂಕಿಗೆ ಇಳಿಸಿದರೆ ಸುತ್ತಲಿನ ಮನೆಗಳಿಗೆ ಆಸರೆ.

ಕೂಲಿ ಕೊಟ್ಟು ಕೆಲಸ ಮಾಡಿಸುತ್ತಾರಾ?

ಒಳ್ಳೆಯ ಯೋಜನೆಗಳಲ್ಲಿ ಊರಿನ ಪಾಲಿನ ಕೆಲಸಕ್ಕೆ ಕೂಲಿ ಇಲ್ಲ. ಮಿಸ್ಕಿಟೋ ಭಾಷೆಯಲ್ಲಿ ಪಾನಾ ಪಾನಾ ಅಂತ ಒಂದು ಮಾತಿದೆ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಮನೆ ಕಟ್ಟಲು ನೀನು. ನಮ್ಮಲ್ಲಿ ಮುಯ್ಯಾಳು ಅನ್ನುವುದು ಇದನ್ನೇ. ಬಾವಿಗೆ ಮರಳು ಹೊರುವುದು, ಮರ ಕೊಯ್ಯುವುದು, ಅಡಿಗೆ ಮಾಡುವುದು ಎಲ್ಲ ಈ ಲೆಕ್ಕದಲ್ಲಿ ನಡೆಯುತ್ತದೆ.

ಹೊರಗಿನ ಸಂಸ್ಥೆ ಬಂದು ಇದೇ ಕೆಲಸಕ್ಕೆ ದಿನಗೂಲಿ ಕೊಟ್ಟರೆ ಮುಂದಿನ ಸಲ ಊರು ಸುಮ್ನೆ ಬರುವುದಿಲ್ಲ. ಬರಬೇಕಾದರೂ ಯಾಕೆ, ಅಲ್ವಾ? ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಹೇಗೆ ಕರಗಿತು ಅಂತ ನೋಡಿದವರಿಗೆ ಈ ಅಪಾಯ ಗೊತ್ತು.

ಊರಿನ ಹಿರಿಯ, ನ್ಯಾಯ ತೀರ್ಮಾನಿಸುವವನು ವಿಹ್ತಾ. ಅವನನ್ನು ಬಿಟ್ಟು ಪಾದ್ರಿಯ ಜೊತೆ ಮಾತ್ರ ಮಾತಾಡಿ ಯೋಜನೆ ಶುರು ಮಾಡಬಾರದು. ಹೆಂಗಸರನ್ನು ಬಿಟ್ಟಂತೂ ಮಾಡಲೇಬಾರದು. ನೀರು ಹೊರುವವರು ಅವರು. ಗಂಡಸರು ಲಾಬ್‌ಸ್ಟರ್ (ದೊಡ್ಡ ಕಡಲ ಸಿಗಡಿ) ಹಿಡಿಯಲು ಕಡಲಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ.

ಲಾಬ್‌ಸ್ಟರ್ ವಿಷಯ ಬಂತಲ್ಲ, ಮುಳುಗುಗಾರರ ಕಾಯಿಲೆ ಅಂದರೆ ಏನು?

ಮೊಸ್ಕಿಟಿಯಾದ ದೊಡ್ಡ ದುಃಖ ಇದು. ಅಮೆರಿಕದ ಹೋಟೆಲುಗಳಿಗೆ ಹೋಗುವ ಲಾಬ್‌ಸ್ಟರ್ ಹಿಡಿಯಲು ಮಿಸ್ಕಿಟೋ ಯುವಕರು ಗಾಳಿಯ ಸಿಲಿಂಡರ್ ಹೊತ್ತು ಮುಳುಗುತ್ತಾರೆ. ದಡದ ಹತ್ತಿರದ ಲಾಬ್‌ಸ್ಟರ್ ಖಾಲಿಯಾದ ಹಾಗೆ ಆಳಕ್ಕೆ, ಇನ್ನೂ ಆಳಕ್ಕೆ. ದಿನಕ್ಕೆ ಹಲವು ಸಲ ಇಳಿದು ಸರಸರನೆ ಮೇಲೆ ಬರುತ್ತಾರೆ. ಆಳದಲ್ಲಿ ಒತ್ತಡಕ್ಕೆ ರಕ್ತದಲ್ಲಿ ಕರಗಿದ ಸಾರಜನಕ, ಸೋಡಾ ಬಾಟಲಿ ತೆರೆದಾಗ ಬರುವ ಹಾಗೆ, ಗುಳ್ಳೆಯಾಗಿ ಏಳುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದರೆ ಸೊಂಟದ ಕೆಳಗೆ ಸ್ವಾಧೀನ ಹೋಗುತ್ತದೆ. ಇಪ್ಪತ್ತೈದರ ಹುಡುಗ ಗಾಲಿಕುರ್ಚಿಗೆ ಬೀಳುತ್ತಾನೆ. ಮರಳಿನ ಊರಿನಲ್ಲಿ ಗಾಲಿಕುರ್ಚಿ ಎಲ್ಲಿ ಓಡುತ್ತದೆ?

ಹೊಂಡುರಾಸಿನ ಅವಾಸ್ ಎಂಬ ಊರಿನಲ್ಲಿರುವ ಮೊರಾವಿಯನ್ ಆಸ್ಪತ್ರೆ ಇಂಥವರಿಗೆ ಒತ್ತಡದ ಕೋಣೆಯಲ್ಲಿಟ್ಟು ಚಿಕಿತ್ಸೆ ಕೊಟ್ಟಿದೆ. ಬೇಗ ತಲುಪಿದವನು ಮತ್ತೆ ನಡೆಯುವ ಸಾಧ್ಯತೆ ಜಾಸ್ತಿ. ತಡವಾದಷ್ಟೂ ಕಡಿಮೆ. ಸಮಸ್ಯೆ ಏನೆಂದರೆ, ಹಡಗು ಕಡಲ ನಡುವೆ ಇರುತ್ತದೆ, ಒಬ್ಬನಿಗಾಗಿ ವಾಪಸ್ ಬರಲು ಹಡಗಿನವರು ಮನಸ್ಸು ಮಾಡುವುದಿಲ್ಲ. 2021ರಲ್ಲಿ ಅಮೆರಿಕ ಖಂಡದ ಮಾನವ ಹಕ್ಕು ನ್ಯಾಯಾಲಯ 42 ಮಿಸ್ಕಿಟೋ ಮುಳುಗುಗಾರರ ಪ್ರಕರಣದಲ್ಲಿ ಹೊಂಡುರಾಸ್ ಸರ್ಕಾರವನ್ನು ಹೊಣೆ ಮಾಡಿತು. ಕಂಪನಿಗಳ ಮೇಲೆ ಕಣ್ಣಿಡಬೇಕಾದದ್ದು ಸರ್ಕಾರದ ಜವಾಬ್ದಾರಿ ಅಂದಿತು. ಈ ತೀರ್ಪು ಬರಲು ಮುಳುಗುಗಾರರೇ ಸಂಘ ಕಟ್ಟಿ ವರ್ಷಗಟ್ಟಲೆ ಓಡಾಡಿದ್ದರು.

ಊರಿನವರು ಈ ಕಾಯಿಲೆಗೆ ಲಿವಾ ಮೈರಿನ್ ಹೊಡೆದಳು ಅನ್ನುತ್ತಾರೆ. ಅವಳು ನೀರಿನ ಒಡತಿ, ಮತ್ಸ್ಯಕನ್ಯೆ. ತನ್ನ ಸೊತ್ತನ್ನು ಮಿತಿಮೀರಿ ದೋಚಿದವನನ್ನು ಬಿಡುವುದಿಲ್ಲ. ಒಳ್ಳೆಯ ನರ್ಸ್ ಇದನ್ನು ಕೇಳಿ ತಲೆ ಅಲ್ಲಾಡಿಸಿ ಬೈಯುವುದಿಲ್ಲ. ಮೊದಲು ಕೇಳಿಸಿಕೊಂಡು, ಆಮೇಲೆ ಒತ್ತಡದ ಕೋಣೆಯ ಕಡೆ ಕರೆದೊಯ್ಯುತ್ತಾಳೆ.

ಊರಿನ ವೈದ್ಯರು ಇಲ್ವಾ?

ಇದ್ದಾರೆ. ಹಿಂದಿನ ಹಿರಿಯ ವೈದ್ಯ, ದೈವದ ಮಧ್ಯಸ್ಥ, ಎರಡೂ ಆದವನು ಸುಕಿಯಾ. ಸೂಲಗಿತ್ತಿಯರೂ ಇದ್ದಾರೆ, ಹೆರಿಗೆಯ ಹೊತ್ತಿಗೆ ಮೊದಲು ಬರುವುದು ಅವರೇ. ಊರಿನ ಹುಡುಗಿಗೆ ನರ್ಸಿಂಗ್ ಕಲಿಸಿ ಅದೇ ಊರಿಗೆ ಕಳಿಸುವುದು ಮಿಷನ್ ಮಾಡಿದ ಬಹಳ ಒಳ್ಳೆಯ ಕೆಲಸ. ವಾಂಗ್ಕಿ ದಂಡೆಯ ಬಿಲ್ವಸ್ಕರ್ಮಾದಲ್ಲಿ 1930ರ ದಶಕದಲ್ಲಿ ಮೊರಾವಿಯನ್ನರು ಕಟ್ಟಿದ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆಯೂ ಇತ್ತು. ಯುದ್ಧದಲ್ಲಿ ಆ ಆಸ್ಪತ್ರೆ ನಿಂತುಹೋಯಿತು. ಆದರೆ ಅಲ್ಲಿ ಕಲಿತವರ ಕೈಯಲ್ಲಿ ವಿದ್ಯೆ ಇತ್ತಲ್ಲ. ಅದನ್ನು ಯಾರೂ ಸುಡಲಾಗಲಿಲ್ಲ.

ಯಾವ ಯುದ್ಧ?

1980ರ ದಶಕದ್ದು. ನಿಕರಾಗುವಾದ ಎಡಪಂಥೀಯ ಸ್ಯಾಂಡಿನಿಸ್ಟಾ ಸರ್ಕಾರಕ್ಕೂ ಅಮೆರಿಕ ಬೆಂಬಲದ ಬಂಡುಕೋರರಿಗೂ ನಡೆದ ಜಗಳ ಈ ನದಿಯ ಮೇಲೆ ಬಿತ್ತು. 1981ರ ಕೊನೆಯಿಂದ 1982ರ ಆರಂಭದವರೆಗೆ ಸೈನ್ಯ ವಾಂಗ್ಕಿ ದಂಡೆಯ ಊರುಗಳನ್ನು ಖಾಲಿ ಮಾಡಿಸಿತು. ಮನೆ ಸುಟ್ಟು, ದನ ಕೊಂದು, ಸುಮಾರು 8,500 ಜನರನ್ನು ಒಳನಾಡಿನ ತಾಸ್ಬಾ ಪ್ರಿ ಎಂಬ ಶಿಬಿರಗಳಿಗೆ ಸಾಗಿಸಿತು. ಆ ಹೆಸರಿನ ಅರ್ಥ ಸ್ವತಂತ್ರ ಭೂಮಿ. ಇನ್ನೂ ಸಾವಿರಾರು ಜನ ನದಿ ದಾಟಿ ಹೊಂಡುರಾಸಿಗೆ ಓಡಿದರು. 1983ರ ಡಿಸೆಂಬರ್‌ನಲ್ಲಿ ಒಂದು ಊರಿನ ಜನ ಹೊಂಡುರಾಸಿನತ್ತ ಹೊರಟಾಗ ಕ್ಯಾಥೊಲಿಕ್ ಬಿಷಪ್ ಸಾಲ್ವಡೋರ್ ಶ್ಲೇಫರ್ ಅವರ ಜೊತೆಗೇ ನಡೆದು ಹೋದರು. 1985ರಿಂದ ಜನ ತಮ್ಮ ಊರಿಗೆ ಮರಳತೊಡಗಿದರು. 1987ರಲ್ಲಿ ಕೆರಿಬಿಯನ್ ತೀರಕ್ಕೆ ಸ್ವಾಯತ್ತತೆಯ ಕಾನೂನು ಬಂತು.

ಈ ಇತಿಹಾಸ ಗೊತ್ತಿಲ್ಲದೆ ಅಲ್ಲಿ ಯೋಜನೆ ಮಾಡಬಾರದು. ನಿಮ್ಮ ಒಳ್ಳೆಯದಕ್ಕೇ ಊರು ಬದಲಿಸೋಣ ಅನ್ನುವ ಮಾತನ್ನು ಅವರು ಒಂದು ಸಲ ಕೇಳಿಯಾಗಿದೆ.

ಮತಾಂತರಕ್ಕಾಗಿಯೇ ಇದೆಲ್ಲ ಅಂತಾರೆ. ನಿಜವಾ?

ಈ ಪ್ರಶ್ನೆ ಬರದ ದಿನ ಇಲ್ಲ. ಕೇಳಲೇಬೇಕಾದ ಪ್ರಶ್ನೆ ಕೂಡ.

ಶುರುವಿನಲ್ಲಿ ಹೌದು. 19ನೇ ಶತಮಾನದ ಮಿಷನರಿಗಳು ಬಂದದ್ದೇ ಅದಕ್ಕೆ. ಅವರು ಸುಕಿಯಾನನ್ನು ಸೈತಾನನ ಕಡೆಯವನು ಅಂದರು. ಮರಗೆಣಸಿನಿಂದ ಮಾಡುವ ಮಿಶ್ಲಾ ಎಂಬ ಹೆಂಡವನ್ನೂ, ಸತ್ತವರ ನೆನಪಿಗೆ ಮಾಡುತ್ತಿದ್ದ ದೊಡ್ಡ ಊಟ ಕುಣಿತವನ್ನೂ ನಿಲ್ಲಿಸಿದರು. ಹಾಗೆ ಹೋದ ಹಾಡುಗಳು, ಗಿಡಮೂಲಿಕೆಯ ತಿಳಿವಳಿಕೆ ಎಷ್ಟೋ. ಅದು ನಷ್ಟವೇ. ನನ್ನ ಮಟ್ಟಿಗೆ ಅದನ್ನು ಯಾವ ಆಸ್ಪತ್ರೆಯ ಲೆಕ್ಕದಲ್ಲೂ ವಜಾ ಹಾಕಲಾಗುವುದಿಲ್ಲ.

ಇನ್ನೊಂದು ಮಗ್ಗುಲೂ ಇದೆ. ಅದೇ ಮಿಷನ್ ಅವರ ಭಾಷೆಯನ್ನು ಬರಹಕ್ಕೆ ತಂದಿತು. ಭಾನುವಾರ ಊರು ಕೂಡುವುದು, ಹಾಡುವುದು, ಓದುವುದು ಮಿಸ್ಕಿಟೋದಲ್ಲೇ. ಸ್ಪ್ಯಾನಿಷ್ ಎಲ್ಲವನ್ನೂ ನುಂಗುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. 1974ರಲ್ಲಿ ನಿಕರಾಗುವಾದ ಮೊರಾವಿಯನ್ ಚರ್ಚ್ ಪೂರ್ತಿ ಸ್ಥಳೀಯರ ಕೈಗೆ ಬಂತು. ಇವತ್ತು ಪಾದ್ರಿ ಮಿಸ್ಕಿಟೋ, ಸಭೆ ಮಿಸ್ಕಿಟೋ. ಅವರನ್ನು ಕೇಳಿದರೆ ಇದು ನಮ್ಮ ಚರ್ಚ್ ಅನ್ನುತ್ತಾರೆ. ಹೊರಗಿಂದ ಬಂದದ್ದು ಅಂತ ನಾವು ಹೇಳಿದರೆ ಅವರಿಗೆ ವಿಚಿತ್ರ ಅನ್ನಿಸುತ್ತದೆ.

ಹಾಗಾಗಿ ಈಗಿನ ತಕರಾರು ಬೇರೆ. ಒಂದೇ ಊರಿನಲ್ಲಿ ಎರಡು ಮೂರು ಪಂಗಡಗಳಿದ್ದಾಗ, ಒಂದು ಪಂಗಡದ ಹಣದಿಂದ ಆದ ಬಾವಿ ಯಾರದ್ದು? ಬಾವಿ ಊರಿನದ್ದೇ ಆಗಬೇಕು. ಪೂಜೆಗೆ ಬಂದವರಿಗೆ ಮಾತ್ರ ಅಕ್ಕಿ, ತಗಡು, ಔಷಧಿ ಅಂತ ಯಾರಾದರೂ ಮಾಡಿದರೆ ಅದು ತಪ್ಪು. ಯಾವ ಧರ್ಮದವರು ಮಾಡಿದರೂ ತಪ್ಪು.

ಶಾಲೆಯಲ್ಲಿ ಯಾವ ಭಾಷೆ?

ಬಹಳ ಕಾಲ ಸ್ಪ್ಯಾನಿಷ್ ಮಾತ್ರ. 1980ರ ದಶಕದಿಂದ ನಿಕರಾಗುವಾದಲ್ಲಿ ಮೊದಲ ತರಗತಿಗಳನ್ನು ಮಿಸ್ಕಿಟೋದಲ್ಲಿ ಕಲಿಸುವ ಕಾರ್ಯಕ್ರಮ ಶುರುವಾಯಿತು. 17ನೇ ಶತಮಾನದ ಶಿಕ್ಷಣ ಚಿಂತಕ ಕೊಮೆನಿಯಸ್, ಮಕ್ಕಳಿಗೆ ಮೊದಲು ತಾಯ್ನುಡಿಯಲ್ಲೇ ಕಲಿಸಿ ಅಂದವರು, ಮೊರಾವಿಯನ್ ಬಿಷಪ್ಪೇ ಆಗಿದ್ದರು. ಆ ಮಾತು ಅವರದೇ ಸಭೆಯ ದೂರದ ಊರುಗಳಿಗೆ ತಲುಪಲು ಮುನ್ನೂರು ವರ್ಷ ಹಿಡಿಯಿತು.

ಚಂಡಮಾರುತ ಬಂದಾಗ ಏನಾಗುತ್ತದೆ?

2007ರ ಸೆಪ್ಟೆಂಬರ್ 4ರಂದು ಫೆಲಿಕ್ಸ್, ಐದನೇ ದರ್ಜೆಯ ಚಂಡಮಾರುತ, ಈ ತೀರಕ್ಕೆ ಅಪ್ಪಳಿಸಿತು. 2020ರ ನವೆಂಬರ್ 3ರಂದು ಎಟಾ. ಬಿದ್ದ ತಗಡು ಹೆಕ್ಕಿ ಮುಗಿಯುವ ಮೊದಲೇ, ನವೆಂಬರ್ 16ರಂದು ಅಯೋಟಾ, ಹೆಚ್ಚು ಕಡಿಮೆ ಅದೇ ಜಾಗದಲ್ಲಿ. ಬಿಲ್ವಿಯ ದಕ್ಷಿಣಕ್ಕಿರುವ ಹಾಲೋವರ್ ಎಂಬ ಊರನ್ನು ಅಯೋಟಾ ಬಹುಪಾಲು ಗುಡಿಸಿ ಹಾಕಿತು.

ಇಂಥ ಹೊತ್ತಿನಲ್ಲಿ ಚರ್ಚಿನ ಜಾಲ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಯಾವ ಊರಲ್ಲಿ ಎಷ್ಟು ಮನೆ, ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ನಡೆಯಲಾಗದು ಅಂತ ಅಲ್ಲಿನ ಪಾದ್ರಿಗೆ ಗೊತ್ತು. ಆದರೆ ಅಕ್ಕಿ ಹಂಚಿ ಫೋಟೋ ತೆಗೆದು ಹೋಗುವುದು ಸುಲಭ. ಬಿತ್ತನೆ ಬೀಜ, ಮರಗೆಣಸಿನ ಕಡ್ಡಿ, ಬಾಳೆ ಕಂದು, ಬಲೆ, ದೋಣಿ ಕೊಡಿಸುವುದು ಕಷ್ಟ. ಜನಕ್ಕೆ ಬೇಕಾದದ್ದು ಎರಡನೆಯದು.

ಭೂಮಿಯ ಗಲಾಟೆ ಅಂತ ಕೇಳಿದ್ದೇವೆ.

ಇದೆ, ಜೋರಾಗಿಯೇ ಇದೆ. ಮಿಸ್ಕಿಟೋ ಊರಿನ ಭೂಮಿ ಇಡೀ ಸಮುದಾಯದ್ದು, ಮಾರುವ ಹಾಗಿಲ್ಲ. 2003ರಲ್ಲಿ ನಿಕರಾಗುವಾ 445ನೇ ಕಾನೂನಿನಲ್ಲಿ ಅದನ್ನು ಒಪ್ಪಿ, ಆಮೇಲೆ ಪತ್ರವನ್ನೂ ಕೊಟ್ಟಿತು. ಆದರೆ ಒಳನಾಡಿನಿಂದ ಬಂದ ವಲಸಿಗರು ಕಾಡು ಕಡಿದು ದನ ಬಿಡುತ್ತಾರೆ, ಬಂದೂಕು ಹಿಡಿದು ಊರಿನವರನ್ನು ಓಡಿಸುತ್ತಾರೆ. ಜನ ಸತ್ತಿದ್ದಾರೆ. ಗದ್ದೆಗೆ ಹೋಗಲು ಹೆದರುವ ಊರಿನಲ್ಲಿ ಕೃಷಿ ಯೋಜನೆ ಮಾಡಿದರೆ ಬೆಳೆ ಎಲ್ಲಿಂದ ಬರಬೇಕು?

ನಿಕರಾಗುವಾದಲ್ಲಿ ಈಗಲೂ ಮಿಷನ್ ಕೆಲಸ ಮಾಡಲು ಬಿಡುತ್ತಾರಾ?

ಕಷ್ಟವಾಗಿದೆ. 2018ರ ಪ್ರತಿಭಟನೆಗಳ ನಂತರ ಸರ್ಕಾರ ಸಾವಿರಾರು ಸಂಸ್ಥೆಗಳ ನೋಂದಣಿ ರದ್ದು ಮಾಡಿದೆ. 2024ರ ಆಗಸ್ಟ್‌ನಲ್ಲಿ ಒಂದೇ ಏಟಿಗೆ 1,500. ಅವುಗಳಲ್ಲಿ ಬಹಳಷ್ಟು ಚರ್ಚುಗಳು. 175 ವರ್ಷದಿಂದ ಅಲ್ಲಿದ್ದ ಮೊರಾವಿಯನ್ ಚರ್ಚಿನ ಹೆಸರೂ ಆ ಪಟ್ಟಿಯಲ್ಲಿತ್ತು. ಹೊಂಡುರಾಸ್ ಕಡೆ ಪರಿಸ್ಥಿತಿ ಬೇರೆ. ಅಲ್ಲಿ 1985ರಲ್ಲಿ ಹುಟ್ಟಿದ ಮೊಪಾವಿ ಎಂಬ ಸಂಸ್ಥೆ ಭೂಮಿ, ಕೃಷಿ, ಕಾಡಿನ ಕೆಲಸ ಮಾಡುತ್ತ ಬಂದಿದೆ.

ನಾನು ಹೋಗಿ ಎರಡು ವಾರ ಸೇವೆ ಮಾಡಬಹುದಾ?

ಈ ಮನಸ್ಸು ದೊಡ್ಡದು. ಆದರೆ ಕೈ ಮುಗಿದು ಕೇಳುತ್ತೇನೆ, ಗೋಡೆಗೆ ಬಣ್ಣ ಹಚ್ಚಲು ಅಷ್ಟು ದೂರ ಹೋಗಬೇಡಿ. ನಿಮ್ಮ ವಿಮಾನದ ಟಿಕೆಟ್ಟಿನ ದುಡ್ಡು ಊರಿನ ಬಡಗಿಗೆ ಸಿಕ್ಕರೆ ಶಾಲೆಯ ಮಾಡೇ ಆಗುತ್ತದೆ. ದಂತವೈದ್ಯರು, ಕಣ್ಣಿನ ಡಾಕ್ಟರು, ಹೆರಿಗೆಯ ನರ್ಸ್, ನೀರು ಪರೀಕ್ಷೆ ಬಲ್ಲವರು ಆದರೆ ವಿಷಯ ಬೇರೆ. ಹಾಗೆ ಹೋಗುವವರೂ ಸ್ಪ್ಯಾನಿಷ್ ಕಲಿತು, ಅಲ್ಲಿನ ಒಬ್ಬರಿಗೆ ಕೈಕೆಲಸ ಕಲಿಸಿ ಬರುವಷ್ಟು ದಿನ ಇರಬೇಕು.

ಹಣ ಕೊಡುವುದಾದರೆ ಮೂರು ವಿಷಯ ಕೇಳಿ. ಹಳೆಯ ಬಾವಿಗಳಲ್ಲಿ ಐದು ವರ್ಷದ ನಂತರ ಎಷ್ಟು ನಡೆಯುತ್ತಿವೆ? ಲೆಕ್ಕದ ಪುಸ್ತಕ ಊರಿನ ಯಾರ ಕೈಯಲ್ಲಿದೆ? ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ? ಉದ್ಘಾಟನೆಯ ಫೋಟೋ ತೋರಿಸಿದರೆ ಸಾಲದು.

ಊಟ ಹೇಗೆ?

ಅಕ್ಕಿ, ಬೀನ್ಸ್, ಮರಗೆಣಸು, ಮೀನು, ತೆಂಗಿನಕಾಯಿ. ಕರಾವಳಿಯವರಿಗೆ ಏನೂ ಕಷ್ಟ ಆಗದು. ವಾಬುಲ್ ಮಾತ್ರ ಕುಡಿದು ನೋಡಲೇಬೇಕು. ಕಳಿತ ದೊಡ್ಡ ಬಾಳೆಹಣ್ಣನ್ನು ಬೇಯಿಸಿ, ಪಾತ್ರೆಯಲ್ಲೇ ಮರದ ಕೋಲಿನಿಂದ ಜಜ್ಜಿ, ತೆಂಗಿನ ಹಾಲು ಹಾಕಿ ಅಂಬಲಿಯ ಹದಕ್ಕೆ ತರುತ್ತಾರೆ. ಬಿಸಿಬಿಸಿಯಾಗಿ ಲೋಟದಲ್ಲಿ ಕೊಡುತ್ತಾರೆ. ಬೇಡ ಅನ್ನಬೇಡಿ. ಇದ್ದ ಬಾಳೆಹಣ್ಣಿನಲ್ಲಿ ಮೊದಲ ಲೋಟ ನಿಮಗೆ ಕೊಟ್ಟಿರುತ್ತಾರೆ.

ನಾಲ್ಕು ಮಾತು ಕಲಿಯುವುದಾದರೆ?

ನಕ್ಸಾ ಅಂದರೆ ನಮಸ್ಕಾರ. ನಾಕಿಸ್ಮಾ ಅಂದರೆ ಹೇಗಿದ್ದೀರಿ. ಪಾಯಿನ್ ಅಂದರೆ ಚೆನ್ನಾಗಿ. ಲಿ ಅಂದರೆ ನೀರು. ತಿಂಗ್ಕಿ ಪಾಲಿ ಅಂದರೆ ತುಂಬ ಥ್ಯಾಂಕ್ಸ್. ಹೊರಡುವಾಗ ಐಸಬೆ ಅನ್ನಿ. ದೋಣಿ ತಿರುವು ದಾಟುವವರೆಗೂ ದಂಡೆಯ ಮೇಲಿನ ಮಕ್ಕಳು ಅದನ್ನೇ ಕೂಗುತ್ತಿರುತ್ತಾರೆ.